ಗಿಡದ ಅಕ್ವೇರಿಯಂ: ಯಾವ ನೀರು, ಎಷ್ಟು ಬೆಳಕು, ಯಾವ ಪಾಚಿಗೆ ಯಾವ ಉಪಾಯ

ಗಿಡ ನೆಟ್ಟ ಟ್ಯಾಂಕಿನಲ್ಲಿ ಪಾಚಿ ಕಂಡ ಕೂಡಲೇ ಅಂಗಡಿಗೆ ಹೋಗಿ ಪಾಚಿಯ ಔಷಧ ಕೇಳುವುದು ರೂಢಿ. ಬಾಟಲಿ ಮುಗಿಯುವ ಹೊತ್ತಿಗೆ ಪಾಚಿ ಮತ್ತೆ ಬಂದಿರುತ್ತದೆ. ಅದನ್ನು ಬೆಳೆಸಿದ ಕಾರಣಗಳು ಹಾಗೇ ಉಳಿದಿರುತ್ತವಲ್ಲ: ಗಿಡಗಳಿಗೆ ಬೇಡದಷ್ಟು ಬೆಳಕು, ಸಾಲದ ಇಂಗಾಲ, ಗುಣ ಗೊತ್ತಿಲ್ಲದೆ ತುಂಬಿದ ನೀರು. ಆದ್ದರಿಂದ ಮೊದಲು ನೀರನ್ನು ಆರಿಸಿಕೊಳ್ಳಿ, ಆಮೇಲೆ ಬೆಳಕು ಮತ್ತು ಸಿಓಟು (ಗಿಡಕ್ಕೆ ಇಂಗಾಲ ಕೊಡುವ ಕಾರ್ಬನ್ ಡೈಆಕ್ಸೈಡ್ ಅನಿಲ), ಪಾಚಿಯ ಮದ್ದು ಕೊನೆಗೆ. ಕ್ರಮ ತಪ್ಪಿದರೆ ದುಡ್ಡು ದಂಡ, ಮೀನಿಗೂ ಹಿಂಸೆ.

ಇಲ್ಲಿರುವ ಅಳತೆಗಳು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ. ಗಾಜಿನ ಅಳತೆಯಲ್ಲಿ ಅದು 56 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಉಳಿಯುವ ನೀರು ಸುಮಾರು 45 ಲೀಟರ್. ಗೊಬ್ಬರವನ್ನೂ ಮದ್ದನ್ನೂ ಈ 45ಕ್ಕೇ ಅಳೆಯಬೇಕು. 56ಕ್ಕೆ ಅಳೆದರೆ ಪ್ರತಿ ಸಲವೂ ಕಾಲು ಭಾಗ ಹೆಚ್ಚು ಬೀಳುತ್ತದೆ.

ಯಾವ ನೀರು?

ಬೆಂಗಳೂರಿನ ಕಾವೇರಿ ನೀರಿನಂಥ ನದಿನೀರು ಸಿಗುವವರಿಗೆ ಕೆಲಸ ಸುಲಭ. ಗಡಸುತನ ಕಡಿಮೆ, ಹೆಚ್ಚಿನ ಗಿಡಗಳಿಗೆ ಹೊಂದುತ್ತದೆ. ನೋಡಿಕೊಳ್ಳಬೇಕಾದ್ದು ಕ್ಲೋರಿನ್ ಒಂದನ್ನೇ. ಸಂಪು, ಓವರ್‌ಹೆಡ್ ಟ್ಯಾಂಕ್ ದಾಟಿ ಬರುವಷ್ಟರಲ್ಲಿ ಅದು ಬಹುಪಾಲು ಹಾರಿಹೋಗಿರುತ್ತದೆ. ಆದರೂ ನಂಬಿ ಕೂರಬೇಡಿ. ಅಕ್ವೇರಿಯಂ ಅಂಗಡಿಯಲ್ಲಿ ಹೈಪೊ ಎಂದು ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು 10 ಗ್ರಾಂ ತಂದು 100 ಮಿ.ಲೀ. ನೀರಿನಲ್ಲಿ ಕರಗಿಸಿಡಿ. ಹೊಸ ನೀರಿಗೆ 10 ಲೀಟರ್‌ಗೆ 1 ಮಿ.ಲೀ. ಸಾಕು. ಫಿಲ್ಟರ್ ಸ್ಪಂಜನ್ನು ಮಾತ್ರ ನಲ್ಲಿಯ ಕೆಳಗೆ ತೊಳೆಯಬೇಡಿ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲೇ ಅದನ್ನು ಹಿಂಡಿ.

ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಲ್ಲಿ ಎರಡು ಸಂಗತಿ ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಗಡಸುತನ. ಇದನ್ನು ಜಿಎಚ್ ಕಿಟ್‌ನಲ್ಲಿ ಡಿಗ್ರಿ ಲೆಕ್ಕದಲ್ಲಿ ನೋಡುತ್ತೇವೆ, 1 ಡಿಗ್ರಿ ಅಂದರೆ 17.8 ಪಿಪಿಎಂ (ಲೀಟರ್‌ಗೆ ಮಿ.ಗ್ರಾಂ). ಎರಡನೆಯದು ನೈಟ್ರೇಟ್. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿರುವ ನೈಟ್ರೇಟ್ ಮಿತಿ ಲೀಟರ್‌ಗೆ 45 ಮಿ.ಗ್ರಾಂ. ಅದನ್ನು ಮೀರಿದ ಬೋರ್‌ವೆಲ್‌ಗಳು ಬಯಲುಸೀಮೆಯಲ್ಲಿ ಬೇಕಾದಷ್ಟಿವೆ. ಅಂಥ ನೀರಿನಲ್ಲಿ ವಾರಕ್ಕೆ ಅರ್ಧ ಟ್ಯಾಂಕ್ ಬದಲಿಸಿದರೂ ನೈಟ್ರೇಟ್ ಇಳಿಯುವುದಿಲ್ಲ, ಹೊಸ ನೀರೇ ಅದನ್ನು ಹೊತ್ತು ತರುತ್ತಿರುತ್ತದೆ. ಟಿಡಿಎಸ್ ಮೀಟರ್ ಈ ಎರಡನ್ನೂ ಬಿಡಿಸಿ ಹೇಳಲಾರದು, ಕರಗಿದ್ದರ ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಟೆಸ್ಟ್ ಕಿಟ್ ತಂದ ದಿನ ಮೊದಲು ಪರೀಕ್ಷಿಸಬೇಕಾದ್ದು ಟ್ಯಾಂಕಿನ ನೀರನ್ನಲ್ಲ, ನಲ್ಲಿಯ ನೀರನ್ನು.

ಜಿಎಚ್ 15ರೊಳಗಿದ್ದು ನೈಟ್ರೇಟ್ ಕಡಿಮೆಯಿದ್ದರೆ ನೀರನ್ನು ಬದಲಿಸುವ ಗೋಜಿಗೆ ಹೋಗಬೇಡಿ, ಅದಕ್ಕೊಪ್ಪುವ ಗಿಡ ಹಾಕಿ. ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೊರಿನ್ ವೆಂಟಿ, ಹಾರ್ನ್‌ವರ್ಟ್ ಇವೆಲ್ಲ ಗಡಸು ನೀರಿನಲ್ಲಿ ಚೆನ್ನಾಗಿ ಬರುತ್ತವೆ. ಮೀನುಗಳಲ್ಲಿ ಗಪ್ಪಿ, ಮೊಲಿ, ಪ್ಲಾಟಿಗಳಿಗೆ ಅದೇ ಇಷ್ಟ. ನಮ್ಮ ಪಶ್ಚಿಮ ಘಟ್ಟದ ಕೆಂಪು ರೊಟಾಲಾ ಮ್ಯಾಕ್ರಾಂಡ್ರಾ ಬೆಳೆಸುವ ಆಸೆಯಿದ್ದರೆ ಮಾತ್ರ ಮೆದು ನೀರೇ ಬೇಕು.

ಕರಾವಳಿ, ಮಲೆನಾಡಿನ ಮುರಕಲ್ಲಿನ ಬಾವಿಗಳದ್ದು ಉಲ್ಟಾ ತೊಂದರೆ. ನೀರು ಬಹಳ ಮೆದು, ಕೆಎಚ್ (ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್ ಗಡಸುತನ) ಸೊನ್ನೆಯ ಹತ್ತಿರ, ಪಿಎಚ್ ಸಟ್ಟನೆ ಕುಸಿಯಬಹುದು. 45 ಲೀಟರ್‌ಗೆ ಸುಮಾರು 1.3 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. 2ರಿಂದ 3 ಡಿಗ್ರಿಗೆ ನಿಲ್ಲಿಸಿ, ಅದೂ ಒಂದೇ ದಿನಕ್ಕಲ್ಲ, ಎರಡು ಮೂರು ದಿನಕ್ಕೆ ಹಂಚಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಹೆಚ್ಚು ಜನ ಎಡವುವುದು ಸಾಫ್ಟ್‌ನರ್ ನೀರಿನಲ್ಲಿ. ಅಲ್ಲಿ ಬೋರ್‌ವೆಲ್ ನೀರು ಉಪ್ಪು ಹಾಕುವ ಸಾಫ್ಟ್‌ನರ್ ದಾಟಿ ಮನೆಗೆ ಬರುತ್ತದೆ. ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಮೈಗೆ, ಗೀಸರ್‌ಗೆ ಒಳ್ಳೆಯದೇ, ಗಿಡಕ್ಕೆ ಮಾತ್ರ ಆಹಾರವಿಲ್ಲದ ಉಪ್ಪುನೀರು. ಹೊಸ ಎಲೆಗಳು ಸುರುಟಿ, ಚಿಕ್ಕದಾಗಿ, ತುದಿ ಕರಟಿ ಬರುತ್ತವೆ. ಗೊಬ್ಬರ ಎಷ್ಟು ಸುರಿದರೂ ಸರಿಯಾಗುವುದಿಲ್ಲ, ಕುಂದಿದ ಗಿಡದ ಮೇಲೆ ಪಾಚಿ ಹತ್ತುತ್ತದೆ. ಕಿಟ್ ಇಲ್ಲದೆಯೂ ಇದನ್ನು ಪತ್ತೆ ಮಾಡಬಹುದು. ಟಿಡಿಎಸ್ 600, 700 ಇದ್ದರೂ ಮೈ ಸೋಪು ಯಥೇಚ್ಛ ನೊರೆ ಕೊಡುತ್ತಿದ್ದರೆ ಅದು ಸಾಫ್ಟ್‌ನರ್ ನೀರು. ಹ್ಯಾಂಡ್‌ವಾಶ್, ಶಾಂಪೂ ಯಾವ ನೀರಿನಲ್ಲೂ ನೊರೆ ಬಿಡುತ್ತವೆ, ಅವುಗಳಿಂದ ತಿಳಿಯದು. ಪರಿಹಾರವೆಂದರೆ ಸಾಫ್ಟ್‌ನರ್‌ಗೆ ಮೊದಲೇ ಕವಲೊಡೆದ ಪೈಪಿನಿಂದ ನೀರು ಹಿಡಿಯುವುದು. ಕೈತೋಟಕ್ಕೆ ಬಿಡುವ ನಲ್ಲಿ ಹಲವು ಕಡೆ ಅಂಥದ್ದೇ ಆಗಿರುತ್ತದೆ, ಪ್ಲಂಬರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನು ಆರ್‌ಓ. ಬರೀ ಆರ್‌ಓ ನೀರಿನಲ್ಲಿ ಗಿಡಕ್ಕೂ ಮೀನಿಗೂ ಬೇಕಾದ ಖನಿಜ ಇರುವುದಿಲ್ಲ. ಅದನ್ನು ಎರಡು ರೀತಿ ಸರಿಮಾಡಬಹುದು. ಖನಿಜದ ಪುಡಿ ಬೆರೆಸುವುದಾದರೆ 20 ಲೀಟರ್ ಕ್ಯಾನಿಗೆ 1.8 ಗ್ರಾಂ ಜಿಪ್ಸಂ, 0.9 ಗ್ರಾಂ ಎಪ್ಸಂ ಉಪ್ಪು ಹಾಕಿದರೆ ಜಿಎಚ್ 4 ಬರುತ್ತದೆ. ಜೊತೆಗೆ 1.4 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕಿದರೆ ಕೆಎಚ್ 2. ಜಿಪ್ಸಂ ಬಲು ನಿಧಾನ ಕರಗುತ್ತದೆ, ಹಿಂದಿನ ರಾತ್ರಿಯೇ ಹಾಕಿ ಗಾಳಿ ಪಂಪ್ ಬಿಟ್ಟಿರಿ. ಎರಡನೆಯ ರೀತಿ, ಬೋರ್‌ವೆಲ್ ನೀರನ್ನೇ ಬೆರೆಸುವುದು. ಜಿಎಚ್ 20, ನೈಟ್ರೇಟ್ 60 ಇರುವ ನೀರು ಒಂದು ಪಾಲು, ಆರ್‌ಓ ಮೂರು ಪಾಲು ಬೆರೆಸಿದರೆ ಜಿಎಚ್ 5ರ ಆಸುಪಾಸು, ನೈಟ್ರೇಟ್ 15. ತಕ್ಕಡಿ ಬೇಡ, ಪುಡಿ ಬೇಡ, ಬಕೆಟ್ ಅಳತೆಯೊಂದೇ ಸಾಕು. ನಮ್ಮ ಓಟು ಇದಕ್ಕೇ. ಮನೆಯ ಆರ್‌ಓ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ಆಗಲೇ ಒಂದಿಷ್ಟು ಕಚ್ಚಾ ನೀರನ್ನು ಬೆರೆಸಿರುತ್ತದೆ, ಮೀಟರಿನಲ್ಲಿ ನೋಡಿಯೇ ಪಾಲು ನಿರ್ಧರಿಸಿ. ಮಳೆನೀರನ್ನೂ ಹೀಗೆಯೇ ಬಳಸಬಹುದು. ಮೊದಲ ಮಳೆಗಳಲ್ಲಿ ಮಾಡಿನ ಧೂಳು ತೊಳೆದುಹೋಗಲಿ, ಆಮೇಲಿನದನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿಯಿರಿ.

ಬೆಳಕು ಮತ್ತು ಸಿಓಟು

ಇವೆರಡನ್ನು ಬೇರೆ ಬೇರೆಯಾಗಿ ಆರಿಸುವಂತಿಲ್ಲ. ಬೆಳಕು ಹೆಚ್ಚಿದಷ್ಟೂ ಗಿಡಕ್ಕೆ ಇಂಗಾಲದ ಹಸಿವು ಹೆಚ್ಚು. ಅದು ಸಿಗದಿದ್ದರೆ ಗಿಡ ನಿಂತುಬಿಡುತ್ತದೆ. ಪಾಚಿಗೆ ಬೇಕಾದ ಇಂಗಾಲ ಅತ್ಯಲ್ಪ, ಆದ್ದರಿಂದ ಅದು ನಿಲ್ಲುವುದಿಲ್ಲ.

ಸಿಓಟು ಇಲ್ಲದ ಟ್ಯಾಂಕಿಗೆ ಲೀಟರ್‌ಗೆ 15ರಿಂದ 20 ಲೂಮೆನ್ ಸಾಕು. ನಮ್ಮ 45 ಲೀಟರ್‌ಗೆ ಅದು 700ರಿಂದ 900 ಲೂಮೆನ್, ಅಂದರೆ 8ರಿಂದ 10 ವ್ಯಾಟಿನ 6500 ಕೆಲ್ವಿನ್ ಎಲ್‌ಇಡಿ. ದಿನಕ್ಕೆ 6 ಗಂಟೆಯಿಂದ ಶುರುಮಾಡಿ, ಗಿಡಗಳು ಚಿಗುರಿದ ಮೇಲೆ 7, ಹೆಚ್ಚೆಂದರೆ 8. ಅಂಗಡಿಯ ಫ್ಲಡ್‌ಲೈಟ್ ಅಗ್ಗ, ಗಿಡಕ್ಕೆ ಅದು ಏನೂ ಕಡಿಮೆಯಲ್ಲ. ಕೆಂಪು, ಹಸಿರು, ನೀಲಿ ಬೆರೆತ ದುಬಾರಿ ಲೈಟಿನಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಬೆಳವಣಿಗೆಯಲ್ಲಿ ಆ ಬೆಲೆಯಷ್ಟು ವ್ಯತ್ಯಾಸವಿಲ್ಲ. ಮೊದಲ ಟ್ಯಾಂಕಿಗೆ ಫ್ಲಡ್‌ಲೈಟ್ ಹಾಕಿ, ಉಳಿದ ದುಡ್ಡಿನಲ್ಲಿ ಟೈಮರ್ ಮತ್ತು ನೈಟ್ರೇಟ್ ಕಿಟ್ ತೆಗೆದುಕೊಳ್ಳಿ. ನೇರ ಬಿಸಿಲು ಬೀಳುವ ಕಿಟಕಿ ಪಕ್ಕ ಮಾತ್ರ ಬೇಡವೇ ಬೇಡ.

ಟೈಮರ್ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಕರೆಂಟ್ ಹೋದಾಗ ತಿರುಗುವ ಮುಳ್ಳಿನ ಟೈಮರ್ ನಿಂತುಬಿಡುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ವಾರದೊಳಗೆ ಲೈಟು ಏಳು ಗಂಟೆ ತಡವಾಗಿ ಹತ್ತುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಹಾಗೆ ಹಿಂದೆ ಬೀಳುವುದಿಲ್ಲ.

ಸಿಓಟು ಕೊಡುವ ದಾರಿ ಮೂರು. ಸಕ್ಕರೆ-ಯೀಸ್ಟ್ ಬಾಟಲಿಯದ್ದು ಅತಿ ಕಡಿಮೆ ಖರ್ಚು: 1 ಲೀಟರ್ ನೀರು, 200 ಗ್ರಾಂ ಸಕ್ಕರೆ, ಕಾಲು ಚಮಚ ಯೀಸ್ಟ್, ಎರಡು ಮೂರು ವಾರ ಬರುತ್ತದೆ. ಮೊದಲ ವಾರ ಜೋರು, ಕೊನೆಯ ವಾರ ಮಂದ, ರಾತ್ರಿ ನಿಲ್ಲಿಸುವ ಹಾಗಿಲ್ಲ. ಬೆಳಗಾಗುವಷ್ಟರಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಇದೇ ಕಾರಣ. ಸಿಟ್ರಿಕ್ ಆ್ಯಸಿಡ್ ಮತ್ತು ಅಡುಗೆ ಸೋಡಾ ತಲಾ 200 ಗ್ರಾಂ ಹಾಕುವ ಒತ್ತಡದ ಬಾಟಲಿಗೆ ಸೂಜಿ ವಾಲ್ವ್ ಇರುವುದರಿಂದ ಹಿಡಿತ ಸಿಗುತ್ತದೆ. ಆದರೆ ಒತ್ತಡ ಇಳಿದಂತೆ ಮತ್ತೆ ಮತ್ತೆ ತಿರುವುತ್ತಿರಬೇಕು. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಸೆಟ್ಟಿಗೆ ಮೊದಲೇ ದೊಡ್ಡ ಖರ್ಚು, ಆಮೇಲೆ ತಿಂಗಳುಗಟ್ಟಲೆ ಒಂದೇ ಸಮ. ಲೈಟಿಗಿಂತ 1ರಿಂದ 2 ಗಂಟೆ ಮೊದಲು ತೆರೆದು, ಲೈಟ್ ಆರುವ ಒಂದು ಗಂಟೆ ಮೊದಲು ಮುಚ್ಚುವಂತೆ ಟೈಮರ್ ಇಡಬಹುದು. 4 ಡಿಗ್ರಿ ಕೆಎಚ್ ದ್ರಾವಣ ತುಂಬಿದ ಡ್ರಾಪ್ ಚೆಕರ್ (ಸಿಓಟು ಎಷ್ಟಿದೆಯೆಂದು ಬಣ್ಣದಿಂದ ತೋರಿಸುವ ಸಾಧನ) ಹಸಿರಾದರೆ ಸುಮಾರು 30 ಪಿಪಿಎಂ. ನೀಲಿ ಇದ್ದರೆ ಸಾಲದು, ಹಳದಿಯಾದರೆ ಮೀನಿಗೆ ಅಪಾಯ. ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು, ಹಾಗಾಗಿ ವಾಲ್ವ್ ತಿರುಗಿಸಿದ ತಕ್ಷಣ ನೋಡಿ ಮತ್ತೆ ತಿರುಗಿಸಬೇಡಿ.

ನಮ್ಮ ಸಲಹೆ: ಸಿಓಟು ಇಲ್ಲದ ಮಂದ ಬೆಳಕಿನ ಟ್ಯಾಂಕ್, ಇಲ್ಲವೇ ಸಿಲಿಂಡರ್. ನಡುವಿನ ದಾರಿಗಳಲ್ಲಿ ಸಿಓಟು ಏರಿಳಿಯುತ್ತದೆ, ಕಪ್ಪು ಗಡ್ಡದ ಪಾಚಿ ಬೇರೂರುವುದು ಈ ಏರಿಳಿತದಲ್ಲೇ. ಸಿಲಿಂಡರ್ ಇದ್ದರೆ ಬೆಳಕನ್ನು 1500 ಲೂಮೆನ್‌ವರೆಗೆ ಏರಿಸಬಹುದು.

ಗೊಬ್ಬರ

ಗೊಬ್ಬರ ಹಾಕಿದರೆ ಪಾಚಿ ಬರುತ್ತದೆಂಬ ಭಯ ಹಲವರಿಗಿದೆ. ಗಿಡ ಹಸಿದರೆ ಬರುವ ಪಾಚಿಯೇ ಹೆಚ್ಚು. ಅಕ್ವೇರಿಯಂ ಬ್ರ್ಯಾಂಡಿನ ಬಾಟಲಿಗಳಲ್ಲಿರುವ ಮುಖ್ಯ ಲವಣಗಳೇ ರೈತರ ಗೊಬ್ಬರದಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತವೆ. 13-0-45 ಅಂದರೆ ಪೊಟ್ಯಾಸಿಯಂ ನೈಟ್ರೇಟ್: 45 ಲೀಟರ್‌ಗೆ 0.75 ಗ್ರಾಂ ಹಾಕಿದರೆ ನೈಟ್ರೇಟ್ ಸುಮಾರು 10 ಪಿಪಿಎಂ ಏರುತ್ತದೆ. 0-52-34 ಅಂದರೆ ಮೋನೊ ಪೊಟ್ಯಾಸಿಯಂ ಫಾಸ್ಫೇಟ್: 0.1 ಗ್ರಾಂಗೆ ಫಾಸ್ಫೇಟ್ ಸುಮಾರು 1.5 ಪಿಪಿಎಂ. ಮಂದ ಬೆಳಕಿನ ಟ್ಯಾಂಕಿಗೆ ವಾರಕ್ಕೊಮ್ಮೆ ಇಷ್ಟು ಧಾರಾಳ, ಮೀನು ಹೆಚ್ಚಿದ್ದರೆ ಇದರ ಅರ್ಧ. ಸಿಲಿಂಡರ್ ಇರುವ ಟ್ಯಾಂಕಿಗೆ ವಾರಕ್ಕೆ ಎರಡು ಸಲ, ಜೊತೆಗೆ ವಾರಕ್ಕೆ ಅರ್ಧ ನೀರು ಬದಲು. ಅರ್ಧ ಬದಲಿಸುತ್ತಿರುವ ತನಕ ಯಾವ ಲವಣವೂ ಒಂದು ವಾರದಲ್ಲಿ ಹಾಕಿದ್ದರ ಎರಡರಷ್ಟನ್ನು ಮೀರಿ ಕೂಡಿಕೊಳ್ಳದು.

ಅದೇ ಅಂಗಡಿಯ 19-19-19 ಅನ್ನು ಮುಟ್ಟಬೇಡಿ. ಅದರ ಸಾರಜನಕದಲ್ಲಿ ಯೂರಿಯಾ ಮತ್ತು ಅಮೋನಿಯಂ ಇರುತ್ತದೆ. ಪಿಎಚ್ 7.5 ದಾಟಿದ ನೀರಿನಲ್ಲಿ ಅಮೋನಿಯಾ ಮೀನಿನ ಕಿವಿರು ಸುಡುತ್ತದೆ, ನೀರೂ ಹಸಿರುಗಟ್ಟುತ್ತದೆ. 12-61-0 ಕೂಡ ಅಮೋನಿಯಂ ಗೊಬ್ಬರವೇ.

ಪಾಚಿ ಯಾವುದು, ಉಪಾಯ ಯಾವುದು

ಹೊಸ ಟ್ಯಾಂಕಿನಲ್ಲಿ ಗಾಜು, ಎಲೆಗಳ ಮೇಲೆ ಕಂದು ಧೂಳಿನಂತೆ ಕೂರುವುದು ಡಯಾಟಂ. ಬಟ್ಟೆಯಿಂದ ಒರೆಸಿ, ನೀರು ಬದಲಿಸಿ, ಕಾಯಿರಿ. ಒಂದೆರಡು ತಿಂಗಳಲ್ಲಿ ತಾನಾಗಿ ಹೋಗುವುದಕ್ಕೆ ಮದ್ದು ಬೇಡ. ಗಾಜಿನ ಮೇಲೆ ಉಗುರಿಗೂ ಬಾರದ ಗಟ್ಟಿ ಹಸಿರು ಚುಕ್ಕಿಗಳಿದ್ದರೆ ಫಾಸ್ಫೇಟ್ ಕಡಿಮೆಯಾಗಿದೆ ಅಥವಾ ಬೆಳಕು ಹೆಚ್ಚಾಗಿದೆ. ಬ್ಲೇಡಿನಿಂದ ಕೆರೆದು, 0-52-34 ಸ್ವಲ್ಪ ಏರಿಸಿ ನೋಡಿ. ಉದ್ದ ದಾರದಂಥ ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದು ತೆಗೆಯಿರಿ, ಬೆಳಕಿನ ಅವಧಿಯನ್ನು ದಿನಕ್ಕೆ ಒಂದೂವರೆ ಗಂಟೆ ಇಳಿಸಿ.

ನೀರೇ ಹಸಿರಾದರೆ ಆಯ್ಕೆ ಎರಡು: ಕತ್ತಲು ಅಥವಾ ಯುವಿ (ಅತಿನೇರಳೆ ಬೆಳಕು). ನೀರು ಬದಲಿಸುವುದರಿಂದಷ್ಟೇ ಇದು ಹೋಗುವುದಿಲ್ಲ, ಉಳಿದ ಕಣಗಳು ಎರಡು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಕತ್ತಲಿಗೆ ಖರ್ಚಿಲ್ಲ. ಅರ್ಧ ನೀರು ಬದಲಿಸಿ, ಸಿಓಟು ನಿಲ್ಲಿಸಿ, ಗಾಳಿ ಪಂಪ್ ಹಾಕಿ, ಟ್ಯಾಂಕನ್ನು ದಪ್ಪ ಕಂಬಳಿಯಿಂದ ಸಂದು ಬಿಡದೆ ಮುಚ್ಚಿ 72 ಗಂಟೆ ಬಿಡಿ. ನಡುವೆ ತೆರೆದು ನೋಡಬಾರದು, ಮೀನಿಗೆ ಮೂರು ದಿನ ಆಹಾರ ಬೇಡ. ತೆರೆದ ದಿನ ಮತ್ತೆ ಅರ್ಧ ನೀರು ಬದಲಿಸಿ. ಸತ್ತ ಪಾಚಿ ಕೊಳೆತರೆ ಅಮೋನಿಯಾ ಏರುತ್ತದೆ, ಆದ್ದರಿಂದ ಈ ಕೊನೆಯ ಬದಲಾವಣೆ ತಪ್ಪಿಸುವಂತಿಲ್ಲ. ತೆಳ್ಳನೆ ಕಾಂಡದ ಗಿಡಗಳು ಒಂದಿಷ್ಟು ಎಲೆ ಉದುರಿಸುತ್ತವೆ. 5ರಿಂದ 9 ವ್ಯಾಟಿನ ಯುವಿ ಫಿಲ್ಟರ್ ಗಿಡಕ್ಕೆ ಹಾನಿ ಮಾಡದೆ ಕೆಲವೇ ದಿನಗಳಲ್ಲಿ ನೀರನ್ನು ತಿಳಿ ಮಾಡುತ್ತದೆ, ಆದರೆ ಅಂಟಿಕೊಂಡ ಪಾಚಿಗೆ ಅದರಿಂದ ಏನೂ ಆಗದು. ಒಮ್ಮೆ ಬಂದಿದ್ದರೆ ಕತ್ತಲು, ಪದೇ ಪದೇ ಬರುತ್ತಿದ್ದರೆ ಯುವಿ.

ನೀಲಿ ಛಾಯೆಯ ಹಸಿರು ಪೊರೆಯಂತೆ ಹರಡಿ, ಎತ್ತಿದರೆ ಹಾಳೆಯಂತೆ ಬಂದು, ಮಣ್ಣುವಾಸನೆ ಹೊಡೆಯುವುದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ನೀರಿನ ಹರಿವಿಲ್ಲದ ಮೂಲೆ, ಸೊನ್ನೆಗಿಳಿದ ನೈಟ್ರೇಟ್ ಇದಕ್ಕೆ ಅನುಕೂಲ. ಮೊದಲು ಪೈಪಿನಿಂದ ಹೀರಿ ತೆಗೆಯಿರಿ, ನೈಟ್ರೇಟ್ 10ಕ್ಕೆ ತನ್ನಿ, ಫಿಲ್ಟರಿನ ಬಾಯಿ ಆ ಕಡೆ ತಿರುಗಿಸಿ, ಆಮೇಲೆ ಮೇಲಿನಂತೆಯೇ 72 ಗಂಟೆ ಕತ್ತಲು. ಎರಿತ್ರೊಮೈಸಿನ್ ಮಾತ್ರೆ ಪುಡಿ ಮಾಡಿ ಹಾಕುವವರಿದ್ದಾರೆ. ಕೆಲಸ ಮಾಡುತ್ತದೆ ನಿಜ, ಆದರೆ ಮನುಷ್ಯರ ಆ್ಯಂಟಿಬಯೋಟಿಕ್ಕನ್ನು ಮೋರಿಗೆ ಹರಿಸುವುದನ್ನು ನಾವು ಒಪ್ಪುವುದಿಲ್ಲ. ಕಾರಣ ಸರಿಪಡಿಸದಿದ್ದರೆ ಆ ಪೊರೆ ಹೇಗೂ ಮರಳುತ್ತದೆ.

ಎಲ್ಲಕ್ಕಿಂತ ಹಟಮಾರಿ ಕಪ್ಪು ಗಡ್ಡದ ಪಾಚಿ. ಅನುಬಿಯಾಸ್ ಎಲೆಯಂಚು, ಮರದ ತುಂಡು, ಫಿಲ್ಟರ್ ಬಾಯಿಯಲ್ಲಿ ಅರ್ಧ ಸೆಂಟಿಮೀಟರ್ ಉದ್ದದ ಕಪ್ಪು ಕುಚ್ಚು. ಉಜ್ಜಿದರೂ ಬಿಡದು. ಕಪ್ಪಗೆ ಕಂಡರೂ ಇದು ಕೆಂಪು ಪಾಚಿಯ ಬಳಗದ್ದು. ಸತ್ತಾಗ ನಸುಗೆಂಪಾಗಿ ಆಮೇಲೆ ಬಿಳಚುತ್ತದೆ, ಮದ್ದು ತಾಗಿದೆಯೋ ಇಲ್ಲವೋ ಎಂದು ಅದರಿಂದಲೇ ತಿಳಿಯುತ್ತದೆ.

ಇದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಒಂದು, ಗ್ಲುಟರಾಲ್ಡಿಹೈಡ್ ಇರುವ ‘ಲಿಕ್ವಿಡ್ ಕಾರ್ಬನ್’ ಇನ್ನೊಂದು. ಪೆರಾಕ್ಸೈಡ್‌ನಲ್ಲಿ ಶಕ್ತಿಯ ಲೆಕ್ಕ ತಪ್ಪುವವರೇ ಹೆಚ್ಚು. ಪರದೇಶದ ಬರಹಗಳ ಅಳತೆ ಶೇ. 3ರ ದ್ರಾವಣದ್ದು, ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 6ರದ್ದು. ಲೇಬಲ್ ಓದಿ, ಶೇ. 6 ಇದ್ದರೆ ಅರ್ಧ ಹಾಕಿ. 45 ಲೀಟರ್‌ಗೆ ಒಂದು ದಿನದ ಮಿತಿ ಶೇ. 6ರದ್ದು 9 ಮಿ.ಲೀ. ಫಿಲ್ಟರ್ ನಿಲ್ಲಿಸಿ, ನೀರು ಅಲುಗದಾದ ಮೇಲೆ ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಕುಚ್ಚಿಗೆ ತಾಗಿಸುವಂತೆ ಹಿಡಿದು ಹನಿಹನಿಯಾಗಿ ಬಿಡಿ. ಕುಚ್ಚಿನ ಸುತ್ತ ಸಣ್ಣ ಗುಳ್ಳೆಗಳೇಳುತ್ತವೆ. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ, ಕಾಲು ಭಾಗ ನೀರು ಬದಲಿಸಿ. ಮೂರು ನಾಲ್ಕು ದಿನದಲ್ಲಿ ಬಣ್ಣ ಬದಲಾಗುತ್ತದೆ. ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುವುದು ಪೆರಾಕ್ಸೈಡಿನ ದೊಡ್ಡ ಗುಣ. ಮಾಸ್ ಗಿಡ, ಸೀಗಡಿ ಮರಿಗಳ ಹತ್ತಿರ ಬಿಡಬೇಡಿ.

ಲಿಕ್ವಿಡ್ ಕಾರ್ಬನ್ ದಿನಾ ಹಾಕಬೇಕಾದದ್ದು. ಸೀಕೆಮ್ ಎಕ್ಸೆಲ್ ಆದರೆ 45 ಲೀಟರ್‌ಗೆ ದಿನಕ್ಕೆ ಸುಮಾರು 1 ಮಿ.ಲೀ., ದೊಡ್ಡ ಪ್ರಮಾಣದಲ್ಲಿ ನೀರು ಬದಲಿಸಿದ ದಿನ 5 ಮಿ.ಲೀ. ಪಾಚಿ ಎಲ್ಲೆಡೆ ಹರಡಿದ್ದರೆ ಇದು ಅನುಕೂಲ, ನಾಲ್ಕೈದು ಕುಚ್ಚುಗಳಿದ್ದರೆ ಪೆರಾಕ್ಸೈಡೇ ವಾಸಿ. ವ್ಯಾಲಿಸ್ನೇರಿಯಾ ಇದಕ್ಕೆ ಕರಗಿಹೋಗುತ್ತದೆ. ಅಗ್ಗವೆಂದು ಆಸ್ಪತ್ರೆಯ ಉಪಕರಣ ತೊಳೆಯುವ ಗ್ಲುಟರಾಲ್ಡಿಹೈಡ್ ಕ್ಯಾನ್ ತರುವವರಿದ್ದಾರೆ. ಅದು ಇನ್ನೂ ಗಡುಸು, ಅದರ ಆವಿ ಕಣ್ಣು, ಶ್ವಾಸಕೋಶ ಉರಿಸುತ್ತದೆ, ಮಕ್ಕಳಿರುವ ಮನೆಗೆ ಬೇಡ. ಮೈಲುತುತ್ತ ಮತ್ತು ತಾಮ್ರವಿರುವ ಪಾಚಿನಾಶಕಗಳನ್ನು ಆಯ್ಕೆಯೆಂದೇ ಎಣಿಸಬೇಡಿ: ಸೀಗಡಿ, ಬಸವನಹುಳು ಸಾಯುತ್ತವೆ, ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ.

ಯಾವುದನ್ನೇ ಬಳಸಿ, ಸಿಓಟು ಏರಿಳಿತ ನಿಲ್ಲದಿದ್ದರೆ ಗಡ್ಡ ಮತ್ತೆ ಬರುತ್ತದೆ. ಪಾಚಿ ಮುತ್ತಿದ ಹಳೆಯ ಎಲೆ ಸುಧಾರಿಸುವುದಿಲ್ಲ, ಕತ್ತರಿಸಿ ಹಾಕಿ. ಹೊಸ ಎಲೆ ಚೊಕ್ಕಟವಾಗಿ ಬರುತ್ತಿದೆಯೇ ಎಂದು ಎರಡು ವಾರ ನೋಡಿ, ಆಮೇಲಷ್ಟೇ ಇನ್ನೊಂದು ಬದಲಾವಣೆ.

ಪಾಚಿ ತಿನ್ನುವ ಜೀವಿಗಳು

ಅಂಗಡಿಯಲ್ಲಿ ‘ಸಕ್ಕರ್’ ಎಂದು ಕೊಡುವ ಎರಡು ಇಂಚಿನ ಮರಿ ಒಂದಡಿ ದಾಟಿ ಬೆಳೆಯುವ ಪ್ಲೀಕೊ. ಎರಡಡಿ ಟ್ಯಾಂಕಿಗೆ ಅದು ಸಲ್ಲದು, ದೊಡ್ಡದಾದ ಮೇಲೆ ಗಿಡ ಕೀಳುತ್ತದೆ, ಪಾಚಿಗಿಂತ ಮೀನಿನ ಆಹಾರವನ್ನೇ ತಿನ್ನುತ್ತದೆ. ಸಾಕಲಾರದೆ ಕೆರೆಗೆ ಬಿಟ್ಟವರಿಂದಾಗಿ ದಕ್ಷಿಣ ಭಾರತದ ಹಲವು ನೀರಿನ ನೆಲೆಗಳಲ್ಲಿ ಅದು ಬಲೆ ಹರಿಯುವ ಪಿಡುಗಾಗಿದೆ. ದಯವಿಟ್ಟು ಯಾವ ಅಕ್ವೇರಿಯಂ ಮೀನನ್ನೂ ಗಿಡವನ್ನೂ ಕೆರೆಗೆ ಬಿಡಬೇಡಿ. ಸಯಾಮಿ ಪಾಚಿಭಕ್ಷಕ ಗಡ್ಡದ ಪಾಚಿಯನ್ನೂ ತಿನ್ನುವ ಅಪರೂಪದ ಮೀನು, ಆದರೆ ಐದಾರು ಇಂಚು ಬೆಳೆಯುತ್ತದೆ, ಮೂರಡಿ ಟ್ಯಾಂಕ್ ಬೇಕು. ನಮ್ಮ ಅಳತೆಗೆ ನಾಲ್ಕೈದು ಅಮಾನೊ ಸೀಗಡಿ, ಎರಡು ನೆರೈಟ್ ಬಸವನಹುಳು ಸರಿಯಾದ ಜೋಡಿ. ಸೀಗಡಿ ದಾರದ ಪಾಚಿ ಮತ್ತು ಸತ್ತ ಗಡ್ಡ ತಿನ್ನುತ್ತದೆ, ನೆರೈಟ್ ಗಾಜು ನೆಕ್ಕುತ್ತದೆ. ಎರಡರ ಮರಿಗಳಿಗೂ ಉಪ್ಪು ಬೆರೆತ ನೀರು ಬೇಕಾದ್ದರಿಂದ ಟ್ಯಾಂಕ್ ತುಂಬ ಹೆಚ್ಚಿಕೊಳ್ಳುವ ಭಯವಿಲ್ಲ.

ಬೇಸಿಗೆಯಲ್ಲಿ

ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕವೂ ಸಿಓಟುವೂ ಕಡಿಮೆ ಕರಗುತ್ತವೆ, ಪಾಚಿ ಮುನ್ನುಗ್ಗುತ್ತದೆ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಕನ್ನು 5 ಗಂಟೆಗೆ ಇಳಿಸಿ, ಅದನ್ನೂ ಸಂಜೆಗೆ ಸರಿಸಿ. ಚಿಲ್ಲರ್ ದುಬಾರಿ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್ 2ರಿಂದ 3 ಡಿಗ್ರಿ ಇಳಿಸುತ್ತದೆ, ಆದರೆ ನೀರು ಬೇಗ ಆವಿಯಾಗುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣವೆಲ್ಲ ಒಳಗೇ ಉಳಿಯುತ್ತದೆ. ಇಳಿದ ಮಟ್ಟವನ್ನು ಬೋರ್‌ವೆಲ್ ನೀರಿನಿಂದ ತುಂಬಿಸುತ್ತ ಹೋದರೆ ಬೇಸಿಗೆ ಮುಗಿಯುವಷ್ಟರಲ್ಲಿ ಗಡಸುತನ ಎಲ್ಲೋ ಹೋಗಿರುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪಿನ ಗುರುತು ಹಾಕಿ, ದಿನವೂ ಆ ಗುರುತಿನವರೆಗೆ ಬರೀ ಆರ್‌ಓ ಅಥವಾ ಮಳೆನೀರು ತುಂಬಿ. ಖನಿಜವಿರುವ ಬೆರಕೆ ನೀರು ವಾರದ ಬದಲಾವಣೆಗೆ ಮಾತ್ರ.